ಮಡಿ ಉಟ್ಟ ಪೊರೆ

ರಕ್ತಕ್ಕೆ ಅಪರಿಚಿತರನ್ನು ಕಂಡರಾಗದು. ಹಗಲೂ ರಾತ್ರಿ ಮೈತುಂಬ ತಿರುಗುತ್ತಿದ್ದರೂ ಅದಕ್ಕೆ ಗುರುತಿರುವುದು ತನ್ನ ನಾಳಗಳ ಗೋಡೆಯೊಂದೇ. ಆ ಗೋಡೆ ಬಿಟ್ಟು ಗಾಜು, ರಬ್ಬರು, ಪ್ಲಾಸ್ಟಿಕ್ಕು ಯಾವುದನ್ನು ಮುಟ್ಟಿದರೂ ರಂಪ ಶುರು. ಮೊದಲು ಪ್ರೋಟೀನುಗಳು ನಾ ಮುಂದು ತಾ ಮುಂದು ಎಂದು ಓಡಿಬಂದು ಆ ಹೊಸ ಗೋಡೆಗೆ ಮೆತ್ತಿಕೊಳ್ಳುತ್ತವೆ. ಅವು ಮೆತ್ತಿಕೊಂಡ ರೀತಿ ನೋಡಿ ಹಿಂದೆ ಬರುವ ಕಣಗಳು ಇದು ನಮ್ಮದೋ ಪರರದೋ ಎಂದು ತೀರ್ಮಾನಿಸುತ್ತವೆ. ಪರರದು ಎಂದಾದರೆ ಕೆಲವು ಹೆಪ್ಪುಗಟ್ಟುತ್ತವೆ, ಕೆಲವು ಕೆರಳಿ ಮೈಗೆಲ್ಲ ಡಂಗುರ ಸಾರುತ್ತವೆ. ಇದನ್ನು ಅನುಭವಿಸಬೇಕಾದವನು ಹಾಸಿಗೆಯ ಮೇಲೆ ಮಲಗಿದ ರೋಗಿ. ಅವನಿಗೆ ಚಳಿ, ನಡುಕ, ತುರಿಕೆ, ಎದೆ ಬಿಗಿತ.

ಡಾ. ವೈಜಯಂತಿ ಹುಯಿಲಗೋಳ ತನ್ನ ಅರ್ಧ ಆಯುಷ್ಯವನ್ನು ಈ ಜಗಳ ಬಿಡಿಸುವುದಕ್ಕೇ ಸುರಿದಿದ್ದಳು. ಧಾರವಾಡದ ಹೊರವಲಯದಲ್ಲಿ ಆಸ್ಪತ್ರೆಯೊಂದಕ್ಕೆ ಅಂಟಿಕೊಂಡಂತಿದ್ದ ಪೊರೆ ಸಂಶೋಧನಾ ಕೇಂದ್ರ ಅವಳ ಕಾರ್ಯಕ್ಷೇತ್ರ. ಮೂತ್ರಪಿಂಡ ಕೈಕೊಟ್ಟವರ ರಕ್ತವನ್ನು ವಾರಕ್ಕೆ ಮೂರು ಸಲ ಹೊರತೆಗೆದು, ಸೋಸಿ, ಮರಳಿ ಮೈಗೆ ಸೇರಿಸುತ್ತಾರಲ್ಲ, ಆ ಡಯಾಲಿಸಿಸ್ಸಿನ ಫಿಲ್ಟರು ಅವಳ ವಿಷಯ. ನೋಡಲು ಅದು ಲಟ್ಟಣಿಗೆಯಷ್ಟು ಉದ್ದದ ಪ್ಲಾಸ್ಟಿಕ್ ಕೊಳವೆ. ಒಳಗೆ ಕೂದಲೆಳೆಯಂಥ ಸಾವಿರಾರು ಟೊಳ್ಳು ನಳಿಕೆಗಳು. ನಳಿಕೆಯೊಳಗೆ ರಕ್ತ, ಹೊರಗೆ ಉಪ್ಪುನೀರು, ನಡುವೆ ಪೊರೆ. ಕಸ ಪೊರೆ ದಾಟಿ ನೀರಿಗೆ ಹೋಗುತ್ತದೆ, ರಕ್ತ ಒಳಗೇ ಉಳಿಯುತ್ತದೆ. ಕೆಲಸವೇನೋ ಆಗುತ್ತದೆ, ಆದರೆ ಆ ಪೊರೆ ಯಾವತ್ತಿದ್ದರೂ ರಕ್ತಕ್ಕೆ ಪರದೇಶಿಯೇ.

ಪೊರೆಯೇ ರಕ್ತವನ್ನು ಕಲಿತುಕೊಂಡರೆ? ಇದು ಅವಳಿಗೆ ಪುಸ್ತಕದಿಂದ ಹುಟ್ಟಿದ ಪ್ರಶ್ನೆಯಲ್ಲ. ತಂಗಿ ಮಂದಾಕಿನಿಯ ಹಾಸಿಗೆಯ ಪಕ್ಕದಲ್ಲಿ ಹುಟ್ಟಿದ್ದು. ಮಂದಾಕಿನಿ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಕಬಡ್ಡಿ ಕಲಿಸುವ ಟೀಚರ್. ಮೂತ್ರಪಿಂಡ ಕೆಟ್ಟ ಮೇಲೆ ಮೊದಲ ಸಲ ಡಯಾಲಿಸಿಸ್ಸಿಗೆ ಮಲಗಿದಾಗ, ಯಂತ್ರ ಶುರುವಾಗಿ ಸ್ವಲ್ಪ ಹೊತ್ತಿಗೇ ಅವಳ ತುಟಿ ನೀಲಿಗಟ್ಟಿ ಉಸಿರೇ ನಿಂತಿತ್ತು. ಆಸ್ಪತ್ರೆಯವರು ಹೇಗೋ ಬದುಕಿಸಿದರು. ಆಮೇಲೆ ಪ್ರತಿಸಲವೂ ಸ್ಟಿರಾಯ್ಡ್ ಚುಚ್ಚಿ, ರಕ್ತದ ಕಾವು ತಗ್ಗಿಸಿಯೇ ಶುರು ಮಾಡಬೇಕು. ಆದರೂ ಮನೆಗೆ ಬಂದವಳು ಮರುದಿನದವರೆಗೆ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದಳು. ಹಳೆಯದೊಂದು ಆಪರೇಷನ್ನಿನಿಂದಾಗಿ ಹೊಟ್ಟೆಯ ಮೂಲಕ ಮಾಡುವ ಡಯಾಲಿಸಿಸ್ ಆಗುವಂತಿರಲಿಲ್ಲ. ಅಕ್ಕನದಾಗಲಿ ಅವ್ವನದಾಗಲಿ ಕಿಡ್ನಿ ಹೊಂದಲಿಲ್ಲ.

ವೈಜಯಂತಿ ಪೊರೆಯ ಒಳಮೈಗೆ ಮೇಣದಂಥ ಒಂದು ಮೆತ್ತನೆಯ ಪಾಲಿಮರ್ ಬಳಿದಳು. ರಕ್ತದ ಪ್ರೋಟೀನು ಅದರ ಮೇಲೆ ಕೂತರೆ ಅದರ ಅಚ್ಚು ಮೂಡಿ ನಿಲ್ಲುತ್ತಿತ್ತು. ಒಬ್ಬನದೇ ರಕ್ತ ಮತ್ತೆ ಮತ್ತೆ ಹರಿದಂತೆ ಒಳಗೋಡೆಯೆಲ್ಲ ಅವನದೇ ಅಚ್ಚುಗಳಿಂದ ತುಂಬಿಹೋಗುತ್ತಿತ್ತು. ಕೊನೆಗೊಂದು ದಿನ ರಕ್ತ ಅದನ್ನು ತನ್ನದೇ ನಾಳವೆಂದು ನಂಬಿ ಸದ್ದಿಲ್ಲದೆ ಹರಿಯುತ್ತಿತ್ತು. ಆ ಅಚ್ಚುಗಳಲ್ಲಿ ಇಲ್ಲದ ಹೊಸದೇನಾದರೂ ಬಂದರೆ ಗೋಡೆ ಅದನ್ನು ಅಂಟಿಸಿಕೊಂಡು ಬಿಡುತ್ತಿತ್ತು. ಅದನ್ನೊಂದು ಹೆಚ್ಚಿನ ಗುಣವೆಂದೇ ಎಲ್ಲರೂ ಕೊಂಡಾಡಿದರು. ರೋಗಿಯ ರಕ್ತಕ್ಕೆ ಹೊಸದಾಗಿ ಬರುವುದೆಂದರೆ ಕಸವೇ ಅಲ್ಲವೆ?

ನಮ್ಮ ಕಡೆ ಫಿಲ್ಟರನ್ನು ಒಂದೇ ಸಲಕ್ಕೆ ಎಸೆಯುವ ರೂಢಿ ಮೊದಲಿನಿಂದಲೂ ಇಲ್ಲ. ರೋಗಿಯ ಹೆಸರು ಬರೆದು, ಆಮ್ಲದ ನೀರಿನಿಂದ ತೊಳೆದು, ಮತ್ತೆ ಅವನಿಗೇ ಹಚ್ಚುತ್ತಾರೆ. ಈ ರೂಢಿ ಹೊಸ ಪೊರೆಗೆ ಹೇಳಿ ಮಾಡಿಸಿದಂತಿತ್ತು. ಅದಕ್ಕೆ ‘ಆಪ್ತ’ ಎಂದು ಹೆಸರಿಟ್ಟರು.

ಅಚ್ಚು ಮೂಡುವ ದಿನಗಳಲ್ಲಿ ರಕ್ತ ಚೊಕ್ಕಟವಾಗಿರಬೇಕು, ನೆಗಡಿ ಕೆಮ್ಮು ಇದ್ದರೆ ಪೊರೆ ಅದನ್ನೂ ಕಲಿತುಬಿಡುತ್ತದೆ ಎಂಬುದು ವೈಜಯಂತಿಯ ವಾದ. ಉಳಿದವರು ಎರಡು ವಾರ ಸಾಕು ಎಂದರು. ಇವಳು ಒಂದು ಮಂಡಲ, ನಲವತ್ತೆಂಟು ದಿನ, ಬೇಕೇ ಬೇಕು ಎಂದು ಹಟ ಹಿಡಿದಳು. ಬೇರೆ ವಾರ್ಡು, ಕುದಿಸಿದ ನೀರು, ಹೊರಗಿನವರು ಒಳಗಿಲ್ಲ, ಒಳಗಿನವರು ಹೊರಗಿಲ್ಲ. ಅಜ್ಜಿಯ ಮಡಿ ಮೈಲಿಗೆಯನ್ನು ಇಡೀ ಹರೆಯ ಆಡಿಕೊಂಡು, ಅಜ್ಜಿ ತೀರಿದ ಮೇಲೆ ಮಡಿ ಸೀರೆ ಒಣಹಾಕುವ ಗಳವನ್ನೇ ಕಿತ್ತು ಒಗೆದಿದ್ದ ಹೆಂಗಸು ಇವಳು. ಆ ಗಳ ಬಂದು ತನ್ನ ವಾರ್ಡಿನಲ್ಲೇ ಅಡ್ಡ ನಿಂತದ್ದು ಇವಳ ಕಣ್ಣಿಗೆ ಬೀಳಲಿಲ್ಲ. ಕಲಿತವರ ಮಡಿಗೆ ‘ಪ್ರೋಟೊಕಾಲ್’ ಎಂಬ ಹೆಸರಿರುವುದರಿಂದ ಅದು ಬೇಗ ಗುರುತು ಸಿಗುವುದಿಲ್ಲ.

*

ಮೊದಲ ಆಪ್ತ ಮಂದಾಕಿನಿಯದು. ಎರಡು ವರ್ಷ ಬಂಗಾರದಂತೆ ಕಳೆದವು. ಮಂದಾಕಿನಿ ಡಯಾಲಿಸಿಸ್ ಮುಗಿಸಿದವಳು ಅಲ್ಲಿಂದಲೇ ಮೈದಾನಕ್ಕೆ ಹೋಗಿ ಸೀಟಿ ಊದತೊಡಗಿದಳು. ಅವಳ ಹಿಂದೆಯೇ ನೂರಾರು ಜನ ಆಪ್ತಕ್ಕೆ ಬಂದರು. ಅವರಲ್ಲಿ ಬಾಬುರಾವ್ ಪಿಸೆ ಎಂಬ ವಯಸ್ಸಾದ ಟೇಲರ್ ಒಬ್ಬರಿದ್ದರು. ತಮ್ಮ ಫಿಲ್ಟರಿಗೆ ಖಣದ ಬಟ್ಟೆಯ ಗವಸಣಿಗೆ ಹೊಲಿದು, ಮೇಲೆ ದಾರದಲ್ಲಿ ಹೆಸರು ತೆಗೆದರು. ಉಳಿದವರೂ ದುಂಬಾಲು ಬಿದ್ದು ಹೊಲಿಸಿಕೊಂಡರು. ತೊಳೆಯುವ ಕೋಣೆಯ ಕಪಾಟು ಕುಬುಸದ ಅಂಗಡಿಯಂತಾಯಿತು. ಹೆಂಗಸರು ಶುಕ್ರವಾರ ತಮ್ಮ ಗವಸಣಿಗೆಗೆ ಕುಂಕುಮ ಹಚ್ಚುವರು. ಒಬ್ಬ ಹಿರಿಯರು ತೀರಿಕೊಂಡಾಗ ಮಕ್ಕಳು ಬಂದು ಫಿಲ್ಟರನ್ನೂ ಕೇಳಿ ಒಯ್ದು ಚಿತೆಗೆ ಇಟ್ಟರು, ಅದರಲ್ಲಿ ಅಪ್ಪ ಇದ್ದಾನೆ ಎಂದರು. ವೈಜಯಂತಿ ನಕ್ಕಳು, ಆದರೆ ಅವರು ಹೇಳಿದ್ದು ಸುಳ್ಳಲ್ಲವೆಂದು ಅವಳಿಗೆ ಗೊತ್ತಿತ್ತು.

ಎಲ್ಲಕ್ಕಿಂತ ದೊಡ್ಡ ಹೆಮ್ಮೆ ಇನ್ನೊಂದಿತ್ತು. ಆಪ್ತದವರಿಗೆ ಜ್ವರವೇ ಬರುತ್ತಿರಲಿಲ್ಲ. ವರ್ಷವಿಡೀ ಒಬ್ಬರ ಹಣೆಯೂ ಬಿಸಿಯಾಗಲಿಲ್ಲ. ಇದನ್ನು ಆಕೆ ದಿಲ್ಲಿಯ ಸಭೆಯಲ್ಲಿ ಹೇಳಿದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದ್ದರು.

ಹೀಗಿರುವಾಗ ಮಂದಾಕಿನಿಯ ಶಾಲೆಯಲ್ಲಿ ಚಿಕನ್ ಪಾಕ್ಸ್ ಎದ್ದಿತು. ಅವಳ ತಂಡದ ಹುಡುಗಿಯರಿಗೆ ಒಬ್ಬರಾದ ಮೇಲೊಬ್ಬರಿಗೆ ಗುಳ್ಳೆ. ನೋಡಲು ಹೋದ ಟೀಚರಿಗೂ ಬಂತು. ಅಕ್ಕನಿಗೂ ಅವ್ವನಿಗೂ ಚಿಕ್ಕಂದಿನಲ್ಲೇ ಬಂದುಹೋಗಿತ್ತು, ಮಂದಾಕಿನಿಯೊಬ್ಬಳೇ ತಪ್ಪಿಸಿಕೊಂಡಿದ್ದಳು. ಆದರೆ ಹೋದ ವರ್ಷವೇ ಲಸಿಕೆ ಹಾಕಿಸಿದ್ದರಿಂದ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

“ಲಸಿಕಿ ಆಗೇದ, ಬಂದ್ರೂ ಹಗುರಾಗಿ ಬಂದು ಹೋಗ್ತದ,” ಎಂದರು ಮೂತ್ರಪಿಂಡದ ಡಾಕ್ಟರು ಬಸವಪ್ರಭು ಹಾದಿಮನಿ. “ಜ್ವರಾನೂ ಇಲ್ಲ ನೋಡ್ರಿ. ಅದು ಛೊಲೋ ಲಕ್ಷಣ.”

ಮನೆಯಲ್ಲಿ ಅವ್ವ ಕೃಷ್ಣಾಬಾಯಿ ತನ್ನ ಕೆಲಸಕ್ಕೆ ನಿಂತಳು. ಅವಳ ಪ್ರಕಾರ ಅಮ್ಮ ಬಂದಿದ್ದಾಳೆ, ಅಮ್ಮನನ್ನು ಮರ್ಯಾದೆಯಿಂದ ಕಳಿಸಬೇಕು. ಹಾಸಿಗೆಯ ಮೇಲೆ ಬೇವಿನ ಎಲೆ ಹರಡಿದಳು. ಸಾರಿಗೆ ಒಗ್ಗರಣೆ ನಿಂತಿತು. ವೈಜಯಂತಿ ಗೊಣಗುತ್ತಲೇ ಸಪ್ಪೆ ಸಾರು ಉಂಡಳು.

ಆದರೆ ಅಮ್ಮ ಹೋಗುವ ಲಕ್ಷಣ ಕಾಣಲಿಲ್ಲ. ಶಾಲೆಯ ಹುಡುಗಿಯರ ಗುಳ್ಳೆ ಒಣಗಿ, ಹಕ್ಕಳೆ ಉದುರಿ, ಅವರು ಮರಳಿ ಮೈದಾನಕ್ಕೆ ಬಂದರು. ಮಂದಾಕಿನಿಯ ಮೈಮೇಲೆ ಹೊಸ ಗುಳ್ಳೆ ಏಳುತ್ತಲೇ ಇದ್ದವು. ಬಾಯೊಳಗೆ, ಕಣ್ಣುರೆಪ್ಪೆಯ ಅಂಚಿಗೆ. ಹಾದಿಮನಿಯವರು ವೈರಸ್ಸಿಗೆ ಇರುವ ಔಷಧಿ ಕೊಟ್ಟರು, ಅರ್ಧಂಬರ್ಧ ಕೆಲಸ ಮಾಡಿತು. ಬೇರೆಯವರ ರಕ್ತದಿಂದ ತೆಗೆದ ಪ್ರತಿಕಾಯದ ಇಂಜೆಕ್ಷನ್ ತರಿಸಿ ಕೊಟ್ಟರು. ಒಂದು ದಿನ ಗೆಲುವಾಗಿ ಕಂಡವಳು ಮರುದಿನದ ಡಯಾಲಿಸಿಸ್ ಮುಗಿಯುವಷ್ಟರಲ್ಲಿ ಮತ್ತೆ ಹಾಗೇ ಸೋತುಹೋದಳು. ಆಮೇಲೆ ಒಣ ಕೆಮ್ಮು ಶುರುವಾಯಿತು. ಎಕ್ಸ್‌ರೇಯಲ್ಲಿ ಶ್ವಾಸಕೋಶದ ತುಂಬ ಸಣ್ಣ ಸಣ್ಣ ಬಿಳಿ ಚುಕ್ಕೆ.

“ಮೈಯಾಗ ಇಷ್ಟೆಲ್ಲಾ ನಡದದ, ಜ್ವರಾ ಮಾತ್ರ ಇಲ್ಲ. ಇಂಥಾದ್ದು ನಾ ಎಲ್ಲೂ ನೋಡಿಲ್ಲ,” ಎಂದರು ಹಾದಿಮನಿ. ಈ ಸಲ ಅವರ ದನಿಯಲ್ಲಿ ಸಮಾಧಾನವಿರಲಿಲ್ಲ.

*

ಆ ದಿನ ಬೆಳಿಗ್ಗೆ ಅವ್ವ ಸ್ನಾನ ಮಾಡಿ ದೇವರ ಮುಂದೆ ಕೂತಿದ್ದಳು. ಒಳಗಿನ ಕೋಣೆಯಿಂದ ಮಂದಾಕಿನಿ ನೀರು ಕೇಳಿದಳು. ಅವ್ವ ಹಾಗೆಯೇ ಎದ್ದು ಹೋಗಿ, ಮಗಳ ತಲೆ ಎತ್ತಿ ಹಿಡಿದು, ಚಮಚದಿಂದ ನೀರು ಕುಡಿಸಿ ಬಂದಳು. ಬಂದವಳು ಚಹಾ ಕುಡಿಯುತ್ತಿದ್ದ ವೈಜಯಂತಿಯ ಎದುರು ಒಂದು ನಿಟ್ಟುಸಿರು ಬಿಟ್ಟಳು.

“ನಿಮ್ಮಜ್ಜಿ ಇದ್ದಿದ್ರ ಇವತ್ತ ನನ್ನ ಮತ್ತ ಬಚ್ಚಲಕ್ಕ ಅಟ್ಟತಿದ್ರು. ಮಂದೀ ಸಣ್ಣಾಕಿ ಇದ್ದಾಗ ಒಮ್ಮೆ ತೊಟ್ಟಿಲದಿಂದ ಬಿದ್ದು ಒಂದೇ ಸವನ ಅಳ್ಳಿಕ್ಕತ್ತಿತ್ತು. ಅಜ್ಜಿ ಅಲ್ಲೇ ಎದುರಿಗೆ ನಿಂತಿದ್ರು. ಎತ್ತಿಕೊಳ್ಳಲಿಲ್ಲ. ನಾ ಹಿತ್ತಲದಿಂದ ಓಡಿ ಬರಬೇಕಾತು.”

“ಎಂಥಾ ಕಲ್ಲ ಮನಸವ್ವಾ ಅವರದು!”

“ಏ, ಹಂಗನಬ್ಯಾಡ. ಮಮ್ಮಗಳಂದ್ರ ಜೀವಾ ಬಿಡತಿದ್ರು. ನಿಂತಲ್ಲೇ ಕಣ್ಣಾಗ ನೀರು ಹಾಕ್ಕೊಂಡಿದ್ರು. ಆದ್ರ ಅವರಿಗೆ ಮಡಿ ಅಂದ್ರ ಮಡಿ. ಮನೀ ಕೂಸೇ ಆಗಲಿ, ಸ್ನಾನದ ಮ್ಯಾಲೆ ಬಂದದ್ದೆಲ್ಲಾ ಮೈಲಿಗಿ.”

ವೈಜಯಂತಿ ಚಹಾದ ಬಟ್ಟಲನ್ನು ಕೆಳಗಿಟ್ಟಳು. ಸ್ನಾನದ ಮೇಲೆ ಬಂದದ್ದೆಲ್ಲ. ತಾನು ಒಂದು ಮಂಡಲ ಕಾಲ ತಂಗಿಯ ರಕ್ತಕ್ಕೆ ಸ್ನಾನ ಮಾಡಿಸಿದ್ದಳು. ಆ ದಿನಗಳಲ್ಲಿ ರಕ್ತದಲ್ಲಿ ಯಾವ ರೋಗದ ಜೊತೆಗೂ ಹೋರಾಟವಿರಲಿಲ್ಲ. ಅದನ್ನೇ ಪೊರೆ ಕಲಿಯಿತು. ಈಗ ಗುಳ್ಳೆಯ ವಿರುದ್ಧ ಮೈ ತಯಾರಿಸುತ್ತಿರುವ ಪ್ರತಿಕಾಯಗಳು ಮಂದಾಕಿನಿಯವೇ, ಮನೆಯ ಕೂಸುಗಳೇ. ಆದರೆ ಅವು ಮಂಡಲದ ನಂತರ ಹುಟ್ಟಿದವು. ಅಚ್ಚಿನಲ್ಲಿ ಅವುಗಳಿಗೆ ಜಾಗವಿಲ್ಲ. ಮೈ ಹೋರಾಡುವಾಗ ಜ್ವರ ಬರಿಸುವ ರಾಸಾಯನಿಕಗಳಿಗೂ ಜಾಗವಿಲ್ಲ. ದಿಲ್ಲಿಯಲ್ಲಿ ಚಪ್ಪಾಳೆ ಗಿಟ್ಟಿಸಿದ್ದು ಇದೇ ಸಂಗತಿ.

“ಯಾಕ, ಚಹಾ ಸಪ್ಪಗದ ಏನು?” ಎಂದು ಅವ್ವ ಕೇಳುವಷ್ಟರಲ್ಲಿ ಅವಳು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಳು.

*

ಅಂದು ಮಧ್ಯಾಹ್ನ ಮಂದಾಕಿನಿಯ ಡಯಾಲಿಸಿಸ್ ಇತ್ತು. ಮುಗಿದ ಮೇಲೆ ಅವಳ ಫಿಲ್ಟರು ಎಂದಿನಂತೆ ತೊಳೆಯುವ ಕೋಣೆಗೆ ಬಂತು. ಆ ಕೋಣೆಯ ಟೆಕ್ನಿಶಿಯನ್ ಫಕೀರಪ್ಪ ಆಮ್ಲದ ನೀರಿನ ಪೈಪು ಜೋಡಿಸುತ್ತಿದ್ದ.

“ತೊಳದ ನೀರು ಎಲ್ಲಿ ಹೋಗ್ತದ ಫಕೀರಪ್ಪ?”

“ಮತ್ತೆಲ್ರೀ ಮೇಡಂ, ಗಟಾರಕ್ಕ. ನೀವ ಬರದಿರಲ್ಲ, ಎರಡ ಸಲ ತೊಳದ ಚೆಲ್ಲಬೇಕಂತ.”

“ಇವತ್ತ ಚೆಲ್ಲಬ್ಯಾಡ. ಒಂದು ಕ್ಯಾನಿನಾಗ ಹಿಡದು ಕೊಡು.”

ರಾತ್ರಿಯ ಹೊತ್ತಿಗೆ ಪರೀಕ್ಷೆ ಮುಗಿಯಿತು. ಮಂದಾಕಿನಿಯ ರಕ್ತದಲ್ಲಿ ಚಿಕನ್ ಪಾಕ್ಸಿನ ಪ್ರತಿಕಾಯ ಹುಡುಕಿದರೂ ಸಿಗಲಿಲ್ಲ. ತೊಳೆದ ನೀರಿನಲ್ಲಿ ಅದು ಕಿಕ್ಕಿರಿದಿತ್ತು. ಇಂಜೆಕ್ಷನ್ನಿನಲ್ಲಿ ಬಂದ ಪರರ ಪ್ರತಿಕಾಯವೂ ಅಲ್ಲೇ ಇತ್ತು. ಹೋರಾಡಲು ಕಲಿತ ಬಿಳಿಕಣಗಳ ಚೂರುಗಳೂ ಇದ್ದವು. ಹೋದ ವರ್ಷ ಹಾಕಿಸಿದ ಲಸಿಕೆಯಿಂದ ಹುಟ್ಟಿದ್ದೂ ಹೀಗೇ ಗಟಾರ ಸೇರಿರಬೇಕು. ಅವಳ ಮೈ ದಿನವಿಡೀ ಕೂತು ಸೈನ್ಯ ಕಟ್ಟುವುದು, ಪೊರೆ ವಾರಕ್ಕೆ ಮೂರು ಸಲ ಆ ಸೈನ್ಯವನ್ನು ಹಿಡಿದಿಡುವುದು, ಫಕೀರಪ್ಪ ಅದನ್ನು ತೊಳೆದು ಚೆಲ್ಲುವುದು. ಮೂವರೂ ತಮ್ಮ ತಮ್ಮ ಕೆಲಸವನ್ನು ಸ್ವಲ್ಪವೂ ತಪ್ಪಿಲ್ಲದೆ ಮಾಡಿದ್ದರು. ತಪ್ಪೆಲ್ಲ ತನ್ನದು ಎಂದು ವೈಜಯಂತಿಗೆ ಅನ್ನಿಸಿತು.

ಹಾದಿಮನಿಯವರು ಫಲಿತಾಂಶವನ್ನು ಎರಡು ಸಲ ಓದಿ ಕನ್ನಡಕ ತೆಗೆದರು.

“ಅಂದ್ರ ಆಪ್ತ ಬಿಡಿಸಬೇಕು. ಹಳೇ ಫಿಲ್ಟರಿಗೆ ಹಾಕಬೇಕು.”

“ಹೌದು.”

“ಈಕಿಗೆ ಹಳೇ ಫಿಲ್ಟರ್ ಹಾಕಿದ್ರ ಏನಾಗ್ತದ ನಿಮಗ ಗೊತ್ತದ. ಮೊದಲಾದ್ರ ಸ್ಟಿರಾಯ್ಡ್ ಕೊಟ್ಟು ಹಾಕ್ತಿದ್ವಿ. ಈಗ ಗುಳ್ಳಿ ಪುಪ್ಪುಸಕ್ಕ ಇಳದಾವ. ಸ್ಟಿರಾಯ್ಡ್ ಕೊಟ್ರ ಇದ್ದಬದ್ದ ಶಕ್ತೀನೂ ಹೋಗ್ತದ. ಸ್ಟಿರಾಯ್ಡ್ ಇಲ್ದ ಬರೇ ಮೈಲೆ ಹಾಕಬೇಕಾಗ್ತದ.”

“ಹೊಸಾ ಆಪ್ತ, ಈಗಿನ ರಕ್ತದ ಮ್ಯಾಲೆ ಕಲಿಸಿದ್ರ?”

“ಅದು ಕಲಿಯೂತನಕ ಈಕಿ ಇರಬೇಕಲ್ಲ ಮೇಡಂ,” ಎಂದರು ಹಾದಿಮನಿ. ಒರಟಾಗಿ ಹೇಳಬೇಕೆಂದು ಹೇಳಿದ್ದಲ್ಲ, ಸುಸ್ತಾಗಿದ್ದರು. ಡಯಾಲಿಸಿಸ್ ಇಲ್ಲದೆ ಮಂದಾಕಿನಿ ಹೆಚ್ಚೆಂದರೆ ಮೂರು ದಿನ ತಡೆದಾಳು. ಅಷ್ಟರೊಳಗೆ ನಿರ್ಧಾರವಾಗಬೇಕಿತ್ತು.

*

ಕೇಂದ್ರದ ನಿರ್ದೇಶಕರು ಒಬ್ಬ ರೋಗಿಯ ಪರೀಕ್ಷೆ ನಂಬಿ ಎಲ್ಲ ನಿಲ್ಲಿಸುವುದು ಹೇಗೆ ಎಂದರು. ವೈಜಯಂತಿ ಅವರ ಜೊತೆ ವಾದಕ್ಕೆ ನಿಲ್ಲಲಿಲ್ಲ. ಮರುದಿನ ಬೆಳಿಗ್ಗೆ ವಾರ್ಡಿಗೆ ಬಂದವರಿಗೆಲ್ಲ ತಾನೇ ನಿಂತು ವಿಷಯ ಹೇಳಿದಳು. ಆಪ್ತ ಹಚ್ಚಿಕೊಂಡಿರುವವರೆಗೆ ಅವರ ಮೈ ಯಾವ ಹೊಸ ರೋಗದ ಜೊತೆಗೂ ಹೋರಾಡಲಾರದು, ಆಪ್ತ ಬಂದ ಮೇಲೆ ಹಾಕಿಸಿದ ಲಸಿಕೆ ಯಾವುದೂ ಉಳಿದಿರಲಿಕ್ಕಿಲ್ಲ, ಹಳೆಯ ಫಿಲ್ಟರಿಗೆ ಮರಳುವುದು ಒಳ್ಳೆಯದು ಎಂದಳು. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎಲ್ಲರ ಕಣ್ಣೂ ತಮ್ಮ ತಮ್ಮ ಗವಸಣಿಗೆಯ ಕಡೆ ಹೋಯಿತು.

ಬಾಬುರಾವ್ ಪಿಸೆ ತಮ್ಮದನ್ನು ತೊಡೆಯ ಮೇಲಿಟ್ಟುಕೊಂಡೇ ಕೂತಿದ್ದರು.

“ಬಾಯಾರ, ನಾ ಕೊಡೂದಿಲ್ರಿ,” ಎಂದರು ಮೆಲ್ಲಗೆ. “ಹಳೇದರಾಗ ನಾ ಹೆಂಗ ನಡಗತಿದ್ದೆ, ನೀವು ನೋಡೀರಿ. ಮಂಚಾ ಗಡಗಡ ಅಂತಿತ್ತು. ಕೈ ನಿಲ್ಲತಿದ್ದಿಲ್ಲ, ಸೂಜಿಗೆ ದಾರ ಪೋಣಸಾಕ ಆಗತಿದ್ದಿಲ್ಲ. ಈಗ ಹೊಲೀಲಿಕ್ಕತ್ತೇನಿ.”

“ಕಾಕಾ, ಒಂದು ಸಣ್ಣ ಸೋಂಕು ತಗಲಿದ್ರೂ ಜೀವಕ್ಕ ಅಪಾಯ ಅದ.”

“ತಗಲೂದು ತಗಲದಿರೂದು ದೇವರ ಕೈಯಾಗದ. ನಡಗೂದು ಮಾತ್ರ ಖಾತ್ರಿ ಅದಲ್ರಿ. ಇದ್ದಷ್ಟ ದಿನಾ ಆರಾಮ ಇರತೇನಿ. ತಪ್ಪೇನರಿ?”

ನಾಲ್ಕಾರು ಜನ ಹಳೆಯದಕ್ಕೆ ಹೋಗಲು ಒಪ್ಪಿದರು, ಬಹಳ ಜನ ಪಿಸೆಯವರ ಹಿಂದೆ ನಿಂತರು. ತಾನೇ ಕೊಟ್ಟ ಸುಖವನ್ನು ಯಾವ ಬಾಯಿಂದ ಕಿತ್ತುಕೊಳ್ಳುವುದು ಎಂದು ಅವಳು ತಲೆ ತಗ್ಗಿಸಿಕೊಂಡು ಹೊರಗೆ ಬಂದಳು.

*

ಮಂದಾಕಿನಿಯನ್ನು ಅಷ್ಟರಲ್ಲಿ ಆಸ್ಪತ್ರೆಯ ಬೇರೆ ಕೋಣೆಯಲ್ಲಿ ಇಟ್ಟಿದ್ದರು. ಮೂಗಿಗೆ ಆಮ್ಲಜನಕದ ನಳಿಕೆ, ಮುಖದ ತುಂಬ ಗುಳ್ಳೆ. ಅಕ್ಕ ಹೇಳಿದ್ದನ್ನೆಲ್ಲ ಅವಳು ಕಣ್ಣು ಮುಚ್ಚಿಕೊಂಡು ಕೇಳಿದಳು. ಮಂಡಲದ ಹಟ ತನ್ನದು, ಎರಡು ವಾರ ಸಾಕೆಂದವರ ಬಾಯಿ ಮುಚ್ಚಿಸಿದ್ದು ತಾನು ಎಂಬುದನ್ನೂ ವೈಜಯಂತಿ ಮುಚ್ಚಿಡಲಿಲ್ಲ.



“ಅಂದ್ರ ಎರಡು ವರ್ಷ ನಾ ಆರಾಮ ಇದ್ದಿದ್ದಿಲ್ಲ,” ಎಂದಳು ಮಂದಾಕಿನಿ. “ಎದುರಿನವ್ರು ರೇಡಿಗೆ ಬರೂ ಹೊತ್ತಿಗೆ ನಮ್ಮ ಹುಡುಗ್ಯಾರನ್ನೆಲ್ಲಾ ಬೆಂಚಿನ ಮ್ಯಾಲೆ ಕೂಡಿಸಿಟ್ಟಿದ್ದಿ ನೀನು.”

“ಹೂಂ.”

“ಮತ್ತ ಮಂದಿಗೆ ನನ್ನ ತೋರಿಸಿ ಹೇಳತಿದ್ದಿ, ಹೆಂಗಿದ್ದಾಕಿ ಹೆಂಗಾದ್ಲು ನೋಡ್ರಿ ಅಂತ.”

“ಬೈ ಮಂದೀ. ಹೊಡದ್ರೂ ಹೊಡಿ.”

“ಹೊಡೀಲಿಕ್ಕೆ ಕೈಯಾಗ ಜೀವ ಎಲ್ಲದ?” ಅವಳು ಕೆಮ್ಮಿದಳು, ಕೆಮ್ಮು ಬೇಗ ನಿಲ್ಲಲಿಲ್ಲ. ನಿಂತ ಮೇಲೆ ಅಕ್ಕನ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. “ಹೆದರಿಕಿ ಆಗ್ತದ ಅಕ್ಕಾ. ಅವತ್ತ ಉಸಿರು ನಿಂತದ್ದು ನೆನಪದ ನನಗ. ಬಾವಿಯೊಳಗ ಇಳದಂಗ ಆಗಿತ್ತು.”

“ಆಪ್ತದಾಗೇ ಇನ್ನೊಂದು ಸಲ ಮಾಡಿ ನೋಡೋಣೇನು? ಔಷಧ ಹೆಚ್ಚಿಗಿ ಕೊಟ್ಟು...” ಎಂದುಬಿಟ್ಟಳು ವೈಜಯಂತಿ. ವಿಜ್ಞಾನಿಯಾಗಿ ಅದು ಸುಳ್ಳೆಂದು ಅವಳಿಗೆ ಗೊತ್ತಿತ್ತು. ಅಕ್ಕನಾಗಿ ಬೇರೆ ಏನು ಹೇಳಬೇಕೋ ಗೊತ್ತಿರಲಿಲ್ಲ.

ಮಂದಾಕಿನಿ ಕಣ್ಣು ತೆರೆದು ಅವಳನ್ನೇ ನೋಡಿದಳು.

“ಆರಾಮಾಗಿ ಸಾಯ್ತೀನಿ, ಅಷ್ಟ ಅಲ್ಲೇನು? ಬ್ಯಾಡ. ಹಳೇದ ಹಾಕಸು. ಒಂದು ಕೆಲಸ ಮಾಡೋಣ. ನಾ ಕಬಡ್ಡಿ ಕಬಡ್ಡಿ ಅನಕೋತ ಇರತೇನಿ. ಅನ್ನೂತನಕ ಉಸಿರದ ಅಂತ ತಿಳಕೋ. ಮಿಷನ್ ಬಂದ್ ಮಾಡಬ್ಯಾಡ. ದನಿ ನಿಂತ್ರ ಆಗ ಬಂದ್ ಮಾಡು.”

*

ಮರುದಿನ ಬೆಳಿಗ್ಗೆ ಹೊಸದೊಂದು ಮಾಮೂಲಿ ಫಿಲ್ಟರು ತಂದರು. ಲೀಟರುಗಟ್ಟಲೆ ಉಪ್ಪುನೀರು ಹಾಯಿಸಿ ತೊಳೆದರು. ಹಾದಿಮನಿಯವರು ಅಡ್ರಿನಲಿನ್ ತುಂಬಿದ ಸಿರಿಂಜನ್ನು ಕೈಯಲ್ಲೇ ಹಿಡಿದು ನಿಂತರು. ಸ್ಟಿರಾಯ್ಡಿನಂತೆ ಅದರಿಂದ ಹೋರಾಟಕ್ಕೆ ಕುಂದಿರಲಿಲ್ಲ, ಆದರೆ ಅದು ಕೊನೆಯ ಗಳಿಗೆಯ ಮದ್ದು. ಯಂತ್ರ ನಿಲ್ಲಿಸುವ ಗುಂಡಿಯ ಮೇಲೆ ವೈಜಯಂತಿಯ ಬೆರಳಿತ್ತು. ಅವ್ವ ಹೊರಗೆ ಬೆಂಚಿನ ಮೇಲೆ ಕೂತಿದ್ದಳು, ಒಳಗೆ ಬರಲು ಧೈರ್ಯ ಸಾಲಲಿಲ್ಲ.

ರಕ್ತ ನಿಧಾನವಾಗಿ ನಳಿಕೆಯಲ್ಲಿ ಏರಿ ಫಿಲ್ಟರನ್ನು ಮುಟ್ಟಿತು. ಬಿಳಿಯ ಕೊಳವೆ ಒಂದು ತುದಿಯಿಂದ ಕೆಂಪಾಗುತ್ತ ಬಂತು.

“ಕಬಡ್ಡಿ, ಕಬಡ್ಡಿ, ಕಬಡ್ಡಿ,” ಎಂದು ಮಂದಾಕಿನಿ ಶುರು ಮಾಡಿದಳು. ಮೈದಾನದ ದನಿಯಲ್ಲ, ಪಿಸುದನಿ. ಮೊದಲು ಅಂಗೈ ತುರಿಸಿತು. ಆಮೇಲೆ ಬೆನ್ನು. ಆಮೇಲೆ ಹಲ್ಲು ಕಟಕಟ ಎಂದು ಹೊಡೆದುಕೊಳ್ಳತೊಡಗಿ ಮಾತು ತುಂಡಾಯಿತು. ಮಂಚ ಅಲುಗಾಡಿತು. ನರ್ಸು ಅವಳ ಭುಜ ಹಿಡಿದುಕೊಂಡಳು. “ಕಬ... ಡ್ಡಿ... ಕಬ...” ತುಟಿಯ ಬಣ್ಣ ಇಳಿಯಿತು, ರಕ್ತದೊತ್ತಡದ ಅಂಕಿ ಜಾರಿತು. ಅಷ್ಟರಲ್ಲಿ ದನಿ ನಿಂತಿತು.

ಹಾದಿಮನಿಯವರು ಸೂಜಿ ಚುಚ್ಚಿದರು. “ಬಂದ್ ಮಾಡ್ರಿ ಮೇಡಂ!”

ವೈಜಯಂತಿಯ ಬೆರಳು ಗುಂಡಿಯ ಮೇಲಿತ್ತು. ಒತ್ತಿದರೆ ಇನ್ನೊಮ್ಮೆ ಶುರು ಮಾಡಲು ತಂಗಿಯಲ್ಲಿ ತ್ರಾಣ ಉಳಿಯುವುದಿಲ್ಲ. ಒತ್ತದಿದ್ದರೆ ಅವಳು ಇಲ್ಲೇ, ಕಣ್ಣೆದುರೇ ಹೋಗಬಹುದು. ತನ್ನ ಜೀವಮಾನದಲ್ಲಿ ಅಷ್ಟು ಹೆದರಿಕೆ ಅವಳಿಗೆ ಎಂದೂ ಆಗಿರಲಿಲ್ಲ. ಅವಳು ಒತ್ತಲು ಹೊರಟಳು. ಅದೇ ಗಳಿಗೆಯಲ್ಲಿ ಮಂದಾಕಿನಿಯ ಗಂಟಲಿನಿಂದ ಒಂದು ಸೀಳು ಉಸಿರು ಬಂತು, ಅದರ ಹಿಂದೆಯೇ ಅರೆಬರೆ ಅಕ್ಷರ. “...ಡ್ಡಿ.”

ವೈಜಯಂತಿ ಬೆರಳು ಎತ್ತಿದಳು.

ಮಧ್ಯಾಹ್ನದ ಹೊತ್ತಿಗೆ ಯಂತ್ರ ನಿಂತಾಗ ಮಂದಾಕಿನಿ ಒದ್ದೆ ಬಟ್ಟೆಯಂತೆ ಬಿದ್ದಿದ್ದಳು. ಹಾದಿಮನಿಯವರು ಗೋಡೆಗೆ ಒರಗಿ ನಿಂತು, “ಈ ಸಲ ಆತು. ಮುಂದಿನ ಸಲದ್ದು ಮುಂದ ನೋಡೋಣ,” ಎಂದರು. ಮುಂದಿನ ಸಲವೂ ಇದೇ, ಅದರ ಮುಂದಿನದೂ ಇದೇ ಎಂಬುದು ಇಬ್ಬರಿಗೂ ತಿಳಿದಿತ್ತು. ಶ್ವಾಸಕೋಶದ ಚುಕ್ಕೆಗಳು ಎಲ್ಲಿಯೂ ಹೋಗಿರಲಿಲ್ಲ. ಗುಳ್ಳೆ ಗೆಲ್ಲುತ್ತದೋ ಮೈ ಗೆಲ್ಲುತ್ತದೋ ಹೇಳುವವರಿರಲಿಲ್ಲ.

ಮಾರನೆಯ ದಿನ ಮುಂಜಾನೆ ವೈಜಯಂತಿ ಹೊರಗಿನ ಬೆಂಚಿನ ಮೇಲೆ ಕೂತಲ್ಲೇ ಕಣ್ಣು ಮುಚ್ಚಿದ್ದಳು. ಅವ್ವ ಬಂದು ಭುಜ ಹಿಡಿದು ಅಲ್ಲಾಡಿಸಿದಳು.

“ವೈಜೂ, ಏಳ, ಏಳು! ಮಂದೀ ಮೈ ಮುಟ್ಟಲಿಕ್ಕಾಗವಲ್ದು. ಕಾದ ಹಂಚಾಗೇದ. ಡಾಕ್ಟರನ್ನ ಕರಿ!”

ವೈಜಯಂತಿ ಒಳಗೆ ಓಡಿದಳು. ತಂಗಿಯ ಹಣೆಯ ಮೇಲೆ ಅಂಗೈ ಇಟ್ಟಳು, ಆಮೇಲೆ ಕುತ್ತಿಗೆಗೆ, ಆಮೇಲೆ ತನ್ನ ಕೆನ್ನೆಯನ್ನೇ ಅವಳ ಕೆನ್ನೆಗೆ ಒತ್ತಿ ಹಿಡಿದಳು. ಎರಡು ವರ್ಷದಲ್ಲಿ ಮೊದಲ ಬಾರಿಗೆ ಆ ಮೈ ಸುಡುತ್ತಿತ್ತು. ವೈಜಯಂತಿ ನಗುತ್ತಿದ್ದಳೋ ಅಳುತ್ತಿದ್ದಳೋ, ಹೆಗಲು ಮಾತ್ರ ಕುಲುಕುತ್ತಿತ್ತು.

“ಏನ ಹುಚ್ಚಿ ಇದ್ದೀಯಲ್ಲ! ತಂಗಿಗೆ ಜ್ವರ ಬಂದ್ರ ನಗ್ತೀ?” ಅವ್ವನಿಗೆ ಅಳುವೇ ಬಂದಿತ್ತು. ಅವಸರದಿಂದ ಸೆರಗಿನ ತುದಿಯನ್ನು ತಣ್ಣೀರಿಗೆ ಅದ್ದಿ, ಹಿಂಡಿ, ಮಗಳ ಹಣೆಗೆ ಹಾಕಲು ಬಂದಳು.

ವೈಜಯಂತಿ ಆ ಕೈಯನ್ನು ಹಿಡಿದು ತಡೆದಳು.

“ಇರಲಿ ಅವ್ವಾ,” ಎಂದಳು. “ಇನ್ನೊಂದು ಸ್ವಲ್ಪ ಹೊತ್ತು ಇರಲಿ.”